ಮನೆಯಲ್ಲಿ ಮೊದಲ ಸಲ ಡಿಗ್ರಿಗೆ ಬಂದವರ ಜೊತೆ ನಿಲ್ಲುವುದು ಹೇಗೆ?

ಅಡ್ಮಿಷನ್ ಶುರುವಾದರೆ ನಮ್ಮ ಕಾಲೇಜಿನ ಆಫೀಸ್ ಕಿಟಕಿ ಮುಂದೆ ಉದ್ದ ಸಾಲು. ಆ ಸಾಲಿನಲ್ಲಿ ಕೆಲವು ಮಕ್ಕಳನ್ನು ದೂರದಿಂದಲೇ ಗುರುತಿಸಬಹುದು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಮನೆಯಲ್ಲಿರುವ ಅಷ್ಟೂ ಕಾಗದ: ರೇಷನ್ ಕಾರ್ಡ್, ಪಹಣಿ, ಅಮ್ಮನ ಪಾಸ್‌ಬುಕ್, ಚಿಕ್ಕವರಿದ್ದಾಗ ಲಸಿಕೆ ಹಾಕಿಸಿದ ಕಾರ್ಡ್ ಕೂಡ. ಯಾವುದು ಬೇಕು, ಯಾವುದು ಬೇಡ ಅಂತ ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಎಲ್ಲವನ್ನೂ ಹೊತ್ತು ತಂದಿರುತ್ತಾರೆ. ಜೊತೆಗೆ ಬಂದ ಅಪ್ಪ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ನಿಂತಿರುತ್ತಾರೆ. ಒಳಗೆ ಬರುವುದಿಲ್ಲ.

ನಾನು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ರಾಜ್ಯದಲ್ಲಿ ಇಂಥ ಕಾಲೇಜುಗಳು 400ಕ್ಕೂ ಹೆಚ್ಚಿವೆ. ನನ್ನ ಮನೆಯಲ್ಲೂ ನಾನೇ ಮೊದಲ ಡಿಗ್ರಿ. ಹಾಗಾಗಿ ಈ ಲೇಖನವನ್ನು ದೂರ ನಿಂತು ಬರೆಯುತ್ತಿಲ್ಲ. ನೀವು ಮೇಷ್ಟ್ರಾಗಿರಬಹುದು, ವಾರ್ಡನ್ ಆಗಿರಬಹುದು, ಸೀನಿಯರ್ ಆಗಿರಬಹುದು. ಪೇಟೆಯಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನೋ ಅತ್ತೆಯೋ ಆಗಿರಬಹುದು. ನಿಮ್ಮ ಮನೆಗೆಲಸಕ್ಕೆ ಬರುವವರ ಮಗಳು ಈ ವರ್ಷ ಬಿ.ಕಾಂ. ಸೇರಿರಬಹುದು. ನೀವು ಮಾಡಬಹುದಾದ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. "ಏನಾದ್ರೂ ಬೇಕಿದ್ರೆ ಕೇಳಮ್ಮ" ಅಂತ ನಾವೆಲ್ಲ ಹೇಳುತ್ತೇವೆ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಈ ಮಕ್ಕಳು ಕೇಳುವುದಿಲ್ಲ. ಏನು ಕೇಳಬೇಕು ಅಂತ ಗೊತ್ತಿದ್ದರೆ ತಾನೇ ಕೇಳುವುದು? ರೀವ್ಯಾಲ್ಯುಯೇಷನ್, ಅಂದರೆ ಉತ್ತರಪತ್ರಿಕೆಯ ಮರುಮೌಲ್ಯಮಾಪನ, ಅಂತೊಂದು ಇದೆ ಅಂತಲೇ ಗೊತ್ತಿಲ್ಲದ ಹುಡುಗ ಅದರ ಕೊನೇ ದಿನಾಂಕ ಯಾವತ್ತು ಅಂತ ಹೇಗೆ ಕೇಳುತ್ತಾನೆ? ಹಾಗಾಗಿ ನಾವೇ ಮೊದಲು ಹೋಗಿ, ಹೆಸರು ಹಿಡಿದು, ಒಂದೊಂದೇ ವಿಷಯ ಕೇಳಬೇಕು. ಕೆಳಗೆ ಬರೆದ ಎಲ್ಲಾ ಹೆಜ್ಜೆಗಳಲ್ಲೂ ಮಾಡಬೇಕಾದ್ದು ಇದೇ.

ಹೆಜ್ಜೆ 1: ಸದ್ದಿಲ್ಲದೆ ಗುರುತಿಸಿ

ಪಕ್ಕದ ತಮಿಳುನಾಡಿನಲ್ಲಿ ಕುಟುಂಬದ ಮೊದಲ ಪದವೀಧರ ಅಂತಲೇ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. 2010-11ರಿಂದ ಅದನ್ನು ತೋರಿಸಿದವರಿಗೆ ಎಂಜಿನಿಯರಿಂಗ್, ಮೆಡಿಕಲ್‌ನಂಥ ಕೋರ್ಸುಗಳ ಕೌನ್ಸೆಲಿಂಗ್‌ನಲ್ಲಿ ಬೋಧನಾ ಶುಲ್ಕದ ರಿಯಾಯಿತಿ ಸಿಗುತ್ತಿದೆ. ನಮ್ಮಲ್ಲಿ ಜಾತಿ, ಆದಾಯ ಕೇಳುತ್ತೇವೆ. ಮನೆಯಲ್ಲಿ ಈ ಮೊದಲು ಯಾರಾದರೂ ಡಿಗ್ರಿ ಓದಿದ್ದಾರಾ ಅಂತ ಕೇಳುವ ರೂಢಿ ಇಲ್ಲ. ನಾವೇ ಕೇಳಿಕೊಳ್ಳಬೇಕು.

ಕ್ಲಾಸಿನಲ್ಲಿ "ಅಪ್ಪ ಅಮ್ಮ ಓದಿಲ್ಲದವರು ಕೈ ಎತ್ತಿ" ಅಂತ ದಯವಿಟ್ಟು ಕೇಳಬೇಡಿ. ಆ ಕೈ ಎತ್ತಿದ ಕ್ಷಣವನ್ನು ಮಕ್ಕಳು ಬೇಗ ಮರೆಯುವುದಿಲ್ಲ. ಮೊದಲ ವಾರ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಮೂರು ಪ್ರಶ್ನೆ ಸಾಕು. ನಿಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರು ಯಾರು? ನಿಮ್ಮೂರಿನ ಬಸ್ ಎಷ್ಟು ಗಂಟೆಗೆ ಇಲ್ಲಿ ಮುಟ್ಟುತ್ತದೆ? ಈ ಮೊಬೈಲ್ ನಂಬರ್ ಯಾರದು?

ಮೂರನೇ ಪ್ರಶ್ನೆಯ ಉತ್ತರದಿಂದ ಜಾಸ್ತಿ ವಿಷಯ ತಿಳಿಯುತ್ತದೆ. ಎಷ್ಟೋ ಮಕ್ಕಳ ನಂಬರ್ ಅಣ್ಣನದೋ ಮಾವನದೋ ಆಗಿರುತ್ತದೆ. ಅಣ್ಣ ಬೆಂಗಳೂರಿನಲ್ಲಿ ಶಿಫ್ಟ್ ಕೆಲಸದಲ್ಲಿರುತ್ತಾನೆ. ಅರ್ಜಿ ತುಂಬುವಾಗ ಒಟಿಪಿ ಅವನಿಗೆ ಹೋಗುತ್ತದೆ, ಅವನು ಫೋನ್ ಎತ್ತುವುದಿಲ್ಲ, ಇಲ್ಲಿ ಹುಡುಗಿ ಸೈಬರ್ ಸೆಂಟರಿನಲ್ಲಿ ಕೂತು ಕಾಯುತ್ತಾಳೆ. ಅಷ್ಟರಲ್ಲಿ ಬಸ್ ಹೋಗಿರುತ್ತದೆ. ಮಾರನೇ ದಿನ ಮತ್ತೆ ಅದೇ ಕತೆ. ಇದನ್ನು ಸೋಮಾರಿತನ ಅಂತ ಬೈಯುವವರನ್ನು ನೋಡಿದ್ದೇನೆ. ನನಗೆ ತುಂಬಾ ಬೇಜಾರಾಗುತ್ತದೆ.

ಹೆಜ್ಜೆ 2: ಕಾಲೇಜಿನ ಮಾತು ಕಲಿಸಿ

ಇಂಟರ್ನಲ್ಸ್, ಕ್ರೆಡಿಟ್, ಬ್ಯಾಕ್‌ಲಾಗ್, ಎಲೆಕ್ಟಿವ್, ಶಾರ್ಟೇಜ್, ಹಾಲ್ ಟಿಕೆಟ್. ನಮಗೆ ಇವು ದಿನಬಳಕೆಯ ಮಾತು. ಮನೆಯಲ್ಲಿ ಯಾರ ಬಾಯಲ್ಲೂ ಕೇಳದವರಿಗೆ ಇವೆಲ್ಲ ಹೊಸ ಭಾಷೆ. ನನ್ನ ಕ್ಲಾಸಿನ ಒಬ್ಬ ಹುಡುಗ ಮೊದಲ ಸೆಮಿಸ್ಟರಿನ ಒಂದೂ ಇಂಟರ್ನಲ್ ಟೆಸ್ಟ್ ಬರೆಯಲಿಲ್ಲ. ಕರೆದು ಕೇಳಿದೆ. "ಪರೀಕ್ಷೆ ಡಿಸೆಂಬರ್‌ನಲ್ಲಿ ಅಲ್ವಾ ಮೇಡಂ? ಇದು ಸುಮ್ನೆ ಟೆಸ್ಟ್ ಅಂದ್ಕೊಂಡೆ" ಅಂದ. ಆ ಅಂಕಗಳು ಫೈನಲ್‌ಗೆ ಸೇರುತ್ತವೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಅಂದಿನಿಂದ ಮೊದಲ ಕ್ಲಾಸಿನಲ್ಲಿ ಪಾಠ ಮಾಡುವುದಿಲ್ಲ. ಆರು ಸೆಮಿಸ್ಟರ್ ಅಂದರೇನು, ಅಂಕ ಎಲ್ಲೆಲ್ಲಿಂದ ಬರುತ್ತದೆ, ಶೇ 75 ಹಾಜರಿ ಇಲ್ಲದಿದ್ದರೆ ಏನಾಗುತ್ತದೆ, ಇವನ್ನು ಬೋರ್ಡ್ ಮೇಲೆ ಬರೆದು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ದೀಕ್ಷಾರಂಭ ಅಂತ ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮ ತಂದಿತು. ಒಳ್ಳೆಯದೇ. ಆದರೆ ಅದರಲ್ಲಿ ಒಂದು ಗಂಟೆ ಭಾಷಣಕ್ಕೆ ಕೊಡುವ ಬದಲು ಸೀನಿಯರ್‌ಗಳ ಜೊತೆ ಕಾಲೇಜು ಸುತ್ತಿಸಿ. ಪರೀಕ್ಷಾ ಶುಲ್ಕದ ಕಿಟಕಿ ಎಲ್ಲಿದೆ, ಲೈಬ್ರರಿಯಲ್ಲಿ ಪುಸ್ತಕ ಹೇಗೆ ತೆಗೆದುಕೊಳ್ಳುವುದು, ಹೆಣ್ಣುಮಕ್ಕಳ ಶೌಚಾಲಯ ಎಲ್ಲಿ, ನೀರು ಎಲ್ಲಿ. ಇಷ್ಟು ಗೊತ್ತಾದರೆ ಆ ಜಾಗ ಅರ್ಧ ತಮ್ಮದಾಗುತ್ತದೆ.

ಸೀನಿಯರ್‌ಗಳಿಗೊಂದು ಎಚ್ಚರಿಕೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಡಿಗ್ರಿಯ ರಚನೆ ಬದಲಾಯಿತು. 2024-25ರಿಂದ ಮತ್ತೆ ಮೂರು ವರ್ಷದ ಪದ್ಧತಿಗೆ ಬಂದೆವು. ವಿಷಯಗಳು, ಅಂಕ ಹಂಚಿಕೆ ಎಲ್ಲವೂ ಬೇರೆ ಬೇರೆ. "ನಮ್ಮ ಟೈಮಲ್ಲಿ ಹೀಗಿತ್ತು" ಅಂತ ಹೇಳುವ ಮೊದಲು ಜೂನಿಯರ್‌ನ ಸಿಲಬಸ್ ತೆರೆದು ನೋಡಿ.

ಇನ್ನೊಂದು ಚಿಕ್ಕ ಕೆಲಸ ಇದೆ. ಈಗ ರಾಜ್ಯದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನಡೆಯುತ್ತವೆ. ತುಂಬಾ ಮಕ್ಕಳ ಖಾತೆಯನ್ನು ಸೈಬರ್ ಸೆಂಟರಿನವರು ತೆರೆದುಕೊಟ್ಟಿರುತ್ತಾರೆ. ಪಾಸ್‌ವರ್ಡ್ ಅವರಿಗೇ ಗೊತ್ತು. ಪ್ರತಿ ಸಲ ರಿಸಲ್ಟ್ ನೋಡಲೂ ಅಲ್ಲಿಗೇ ದುಡ್ಡು ಕೊಟ್ಟು ಹೋಗಬೇಕು. ಮೊದಲ ತಿಂಗಳಲ್ಲೇ ಪಕ್ಕದಲ್ಲಿ ಕೂರಿಸಿಕೊಂಡು ಅವರದೇ ಫೋನ್ ನಂಬರ್, ಅವರದೇ ಇಮೇಲ್ ಹಾಕಿಸಿ. ಪಾಸ್‌ವರ್ಡ್ ಬದಲಿಸಿ. ನೀವು ಟೈಪ್ ಮಾಡಬೇಡಿ, ಅವರ ಕೈಯಲ್ಲೇ ಮಾಡಿಸಿ. ನಿಧಾನ ಆಗುತ್ತದೆ, ಆಗಲಿ.

ಹೆಜ್ಜೆ 3: ಸ್ಕಾಲರ್‌ಶಿಪ್ ದುಡ್ಡು ಕೈಗೆ ಬರುವವರೆಗೂ ಬಿಡಬೇಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕಾಲೇಜು ಬಿಡುವ ಮಕ್ಕಳಲ್ಲಿ ದಡ್ಡರು ಅಂತ ನನಗೆ ಕಂಡವರು ಬಹಳ ಕಡಿಮೆ. ಬರಬೇಕಿದ್ದ ದುಡ್ಡು ಬರದೆ ಬಿಟ್ಟವರೇ ಹೆಚ್ಚು.

ರಾಜ್ಯ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಎಲ್ಲರಿಗೂ ಬಾಗಿಲು ಅದೇ. ಅರ್ಜಿ ತುಂಬುವ ಮೊದಲು ನೋಡಿಕೊಳ್ಳಬೇಕಾದ ವಿಷಯಗಳಿವೆ. ಈ ಕ್ರಮದಲ್ಲೇ ನೋಡಿ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುತ್ತದೆ. ಒಂದು ಕಡೆ "ಲಕ್ಷ್ಮಿ", ಇನ್ನೊಂದು ಕಡೆ "ಲಕ್ಷ್ಮೀದೇವಿ". ಇಂಥ ವ್ಯತ್ಯಾಸ ಇದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಸರಿಪಡಿಸಲು ದಿನಗಳು ಬೇಕು. ಹಾಗಾಗಿ ಅಡ್ಮಿಷನ್ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿಸಿ.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಇವು ನಾಡಕಚೇರಿಯಲ್ಲಿ ಸಿಗುತ್ತವೆ. ಪೋರ್ಟಲ್‌ಗೆ ಬೇಕಾಗುವುದು ಅದರ ಮೇಲಿರುವ ಆರ್‌ಡಿ ನಂಬರ್. ಹೈಸ್ಕೂಲಿನಲ್ಲಿ ಮಾಡಿಸಿದ ಆದಾಯ ಪತ್ರದ ಅವಧಿ ಮುಗಿದಿರಬಹುದು. ಅದನ್ನು ಈಗಲೇ ನೋಡಿ, ಕೊನೇ ವಾರದಲ್ಲಿ ನೋಡಬೇಡಿ. ಕೊನೇ ವಾರದಲ್ಲಿ ನಾಡಕಚೇರಿಯಲ್ಲೂ ಸಾಲು, ಸೈಬರ್‌ನಲ್ಲೂ ಸಾಲು, ಸರ್ವರ್ ಕೂಡ ನಿಧಾನ.

ಮೂರನೆಯದು ಬ್ಯಾಂಕ್. ಕಳೆದ ಸಲ ನಮ್ಮ ಎರಡನೇ ಬಿ.ಎ. ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಏನಮ್ಮಾ ಅಂದರೆ "ಏನಿಲ್ಲ ಮೇಡಂ" ಅಂದಳು. ಅವಳು ಏನಿಲ್ಲ ಅನ್ನುವುದು ಹೊಸದಲ್ಲ. ಕೂರಿಸಿ ಕೇಳಿದೆ. ಜೊತೆಯವರಿಗೆಲ್ಲ ಸ್ಕಾಲರ್‌ಶಿಪ್ ಬಂದಿದೆ, ಅವಳಿಗೆ ಬಂದಿಲ್ಲ. ನಾಲ್ಕು ತಿಂಗಳಿಂದ ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಿದ್ದಾಳೆ. ಪೋರ್ಟಲ್‌ನಲ್ಲಿ ನೋಡಿದರೆ ಹಣ ಸಂದಾಯವಾಗಿದೆ ಅಂತ ತೋರಿಸುತ್ತಿದೆ. ಹಾಗಾದರೆ ಎಲ್ಲಿ ಹೋಯಿತು?

ಆಧಾರ್ ಆಧಾರಿತ ಪಾವತಿಯಲ್ಲಿ ದುಡ್ಡು ನಾವು ತೋರಿಸಿದ ಪಾಸ್‌ಬುಕ್‌ಗೆ ಹೋಗಬೇಕೆಂದಿಲ್ಲ. ಯಾವ ಬ್ಯಾಂಕ್ ಖಾತೆಗೆ ಕೊನೆಯದಾಗಿ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದೆವು. ಬೇರೆಯೇ ಬ್ಯಾಂಕಿನ ಹೆಸರು ಬಂತು. ಅವಳು ತುಂಬಾ ಹೊತ್ತು ಯೋಚಿಸಿದಳು. ಹಿಂದೊಮ್ಮೆ ಊರಿಗೆ ಬಂದ ಯಾರೋ ಝೀರೋ ಬ್ಯಾಲೆನ್ಸ್ ಖಾತೆ ಅಂತ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಎಲ್ಲರ ಹೆಬ್ಬೆರಳು ಒತ್ತಿಸಿಕೊಂಡು ಹೋಗಿದ್ದರಂತೆ. ಆ ಪಾಸ್‌ಬುಕ್ ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿ ಪ್ರಿಂಟರ್ ಕರಕರ ಅಂತ ಎಂಟ್ರಿ ಹಾಕುತ್ತಿದ್ದಾಗ ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ದುಡ್ಡು ಅಲ್ಲೇ ಇತ್ತು. ಅವಳು ಆ ವಾರ ಟಿ.ಸಿ. ಕೇಳಲು ಬಂದಿದ್ದಳು ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ನಿಮ್ಮ ಜೊತೆಯಲ್ಲಿರುವ ಪ್ರತಿ ಮಗುವಿನ ಸೀಡಿಂಗ್ ಸ್ಟೇಟಸ್ ನೋಡಿ. ಅರ್ಜಿ ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ. ಕಾಲೇಜಿನಿಂದ ದಾಖಲೆಗಳ ಇ-ದೃಢೀಕರಣ ಆಗಿದೆಯಾ ಕೇಳಿ. ಅರ್ಜಿ ಸಲ್ಲಿಸಿದ ಪ್ರತಿಯ ಫೋಟೋ ತೆಗೆದಿಟ್ಟುಕೊಳ್ಳಲು ಹೇಳಿ. "ಅಪ್ಲೈ ಮಾಡಿದ್ದೀನಿ ಮೇಡಂ" ಅಂದರೆ ಅಲ್ಲಿಗೆ ನಿಲ್ಲಿಸಬೇಡಿ. ಎಷ್ಟೋ ಸಲ ಅರ್ಜಿ ಅರ್ಧ ತುಂಬಿ ಸೇವ್ ಆಗಿರುತ್ತದೆ, ಸಬ್ಮಿಟ್ ಆಗಿರುವುದಿಲ್ಲ.

ಬೇರೆ ದಾರಿಗಳೂ ಇವೆ. ಅಪ್ಪನೋ ಅಮ್ಮನೋ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದು ಕಾರ್ಮಿಕ ಕಾರ್ಡ್ ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಮಕ್ಕಳ ಓದಿಗೆ ಸಹಾಯಧನ ಇದೆ. 10 ಮತ್ತು 12ನೇ ತರಗತಿಯನ್ನು ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಡಿಗ್ರಿ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 30,000 ರೂಪಾಯಿ. ಇದು ಮೊದಲ ವರ್ಷದಲ್ಲೇ ಹಾಕಬೇಕಾದ ಅರ್ಜಿ. ಎರಡನೇ ವರ್ಷದಲ್ಲಿ ಗೊತ್ತಾಗಿ ಅತ್ತ ಹುಡುಗಿಯನ್ನು ನೋಡಿದ್ದೇನೆ.

ಹೆಜ್ಜೆ 4: ಹಾಸ್ಟೆಲ್, ಬಸ್

ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೆ ಆನ್‌ಲೈನ್‌ನಲ್ಲೇ ಅರ್ಜಿ. ಕಾಲೇಜು ಸೇರಿದ ತಕ್ಷಣ ಹಾಕಬೇಕು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ-ವಸತಿ ಸಹಾಯದ ವಿದ್ಯಾಸಿರಿ ಯೋಜನೆ ಇದೆ. ಅದಕ್ಕೆ ಬೇರೆ ಅರ್ಹತೆಗಳಿವೆ, ಓದಿಕೊಳ್ಳಿ. ಸೀಟು ಸಿಗಲಿಲ್ಲ ಅಂತ ಮನೆಗೆ ಹೋಗಿ ಕೂರುವ ಮೊದಲು ಇದನ್ನು ತಿಳಿಸುವವರು ಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ಹೋಯಿತು. ನಮ್ಮ ಕಾಲೇಜಿಗೆ ದೂರದ ಊರುಗಳಿಂದ ಬರುವ ಹುಡುಗಿಯರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಕಣ್ಣಾರೆ ನೋಡಿದ್ದೇನೆ. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸ್‌ಗೆ ಅರ್ಜಿ ಹಾಕಬೇಕು.

ಬಸ್ ಸಮಯದ ಚೀಟಿಯನ್ನು ಈಗ ತೆಗೆಯಿರಿ. ಒಂದು ಊರಿನ ಬಸ್ 10.20ಕ್ಕೆ ಮುಟ್ಟುತ್ತದೆ, ಮೊದಲ ಕ್ಲಾಸ್ 9.30ಕ್ಕೆ. ಆ ಊರಿನ ಮಕ್ಕಳೆಲ್ಲರಿಗೂ ಮೊದಲ ಕ್ಲಾಸಿನ ವಿಷಯದಲ್ಲಿ ಹಾಜರಿ ಶಾರ್ಟೇಜ್ ಬರುವುದು ಗ್ಯಾರಂಟಿ. ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಪ್ರಿನ್ಸಿಪಾಲರ ಪತ್ರ ತೆಗೆದುಕೊಂಡು ಡಿಪೋ ಮ್ಯಾನೇಜರ್ ಹತ್ತಿರ ಹೋಗಿ. ಎಷ್ಟು ಮಕ್ಕಳು, ಯಾವ ಊರು, ಎಷ್ಟು ಗಂಟೆ ಅಂತ ಪಟ್ಟಿ ಜೊತೆಗಿರಲಿ. ಬಸ್ ಬದಲಾಗದಿದ್ದರೆ ಟೈಮ್‌ಟೇಬಲ್ ಬದಲಿಸಬಹುದಾ ನೋಡಿ. ಎರಡೂ ಆಗದಿದ್ದರೆ ಆ ವಿಷಯದ ನೋಟ್ಸ್ ಯಾರ ಹತ್ತಿರ ಸಿಗುತ್ತದೆ ಅಂತಾದರೂ ಏರ್ಪಾಡು ಮಾಡಿ.

ಹೆಜ್ಜೆ 5: ಇಂಗ್ಲಿಷ್ ಭಯ

ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಫಸ್ಟ್ ಬಂದ ಹುಡುಗಿ ಬಿ.ಎಸ್ಸಿ. ಮೊದಲ ತಿಂಗಳು ಬಾಯಿ ಬಿಡುವುದಿಲ್ಲ. ತನಗೆ ಬುದ್ಧಿ ಕಡಿಮೆ ಅಂದುಕೊಂಡುಬಿಡುತ್ತಾಳೆ. ಅವಳಿಗೆ ಮೊದಲು ತಿಳಿಸಬೇಕಾದ್ದು, ಪಾಠ ಅರ್ಥವಾಗದಿರುವುದು ಬೇರೆ, ಪಾಠದ ಭಾಷೆ ಅರ್ಥವಾಗದಿರುವುದು ಬೇರೆ ಅಂತ.

ಒಬ್ಬ ಹುಡುಗ ಬೇಡಿಕೆಯ ಸ್ಥಿತಿಸ್ಥಾಪಕತ್ವದ ಬಗ್ಗೆ ಎರಡು ಪುಟ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದ. ಒಂದು ಅಕ್ಷರ ತಪ್ಪಿಲ್ಲ. ಅರ್ಥ ಕೇಳಿದರೆ ತಲೆ ತಗ್ಗಿಸಿದ. ಅವರ ಮನೆಯವರು ಸಂತೆಯಲ್ಲಿ ತರಕಾರಿ ಮಾರುತ್ತಾರೆ. "ಈರುಳ್ಳಿ ರೇಟು ಏರಿದರೆ ಜನ ತಗೊಳ್ಳೋದು ಬಿಡ್ತಾರೇನೋ?" ಅಂದೆ. "ಇಲ್ಲ ಮೇಡಂ, ಸ್ವಲ್ಪ ಕಮ್ಮಿ ತಗೋತಾರೆ ಅಷ್ಟೆ." "ಸೇಬು?" "ಸೇಬಾದ್ರೆ ಬಿಟ್ಟೇಬಿಡ್ತಾರೆ." ಇದೇ ಆ ಪಾಠ ಅಂದೆ. ಅವನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. ಅರ್ಧ ಗಂಟೆ ಸಂತೆಯ ಬಗ್ಗೆ ನನಗೇ ಪಾಠ ಹೇಳಿದ.

ಮಾಡಬೇಕಾದ್ದು ಇಷ್ಟು. ಮೊದಲು ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಸಿ. ಆಮೇಲೆ ಆ ಪಾಠದ ಹತ್ತು ಮುಖ್ಯ ಇಂಗ್ಲಿಷ್ ಪದಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿ. ಎದುರಿಗೆ ಕನ್ನಡದ ಅರ್ಥ, ಜೊತೆಗೆ ತಮ್ಮದೇ ಊರಿನ ಒಂದು ಉದಾಹರಣೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೊದಲ ತಿಂಗಳಲ್ಲೇ ಕೊಡಿ, ಪ್ರಶ್ನೆ ಕೇಳುವ ಭಾಷೆ ಅಭ್ಯಾಸ ಆಗುತ್ತದೆ. ಕಲಾ ಮತ್ತು ವಾಣಿಜ್ಯ ವಿಭಾಗದ ಬಹಳಷ್ಟು ವಿಷಯಗಳನ್ನು ಕನ್ನಡದಲ್ಲೇ ಪರೀಕ್ಷೆ ಬರೆಯಲು ಅವಕಾಶ ಇದೆ. ಇದ್ದರೆ ಧೈರ್ಯವಾಗಿ ಬರೆಯಲಿ. ಎಲ್ಲರೆದುರು ಅವರ ಇಂಗ್ಲಿಷ್ ತಿದ್ದಬೇಡಿ. ಒಂದು ಸಲ ಕ್ಲಾಸಿನಲ್ಲಿ ನಗೆ ಕೇಳಿಬಂದರೆ ಆ ಮಗು ವರ್ಷಪೂರ್ತಿ ಹಿಂದಿನ ಬೆಂಚಿನಿಂದ ಏಳುವುದಿಲ್ಲ.

ಹೆಜ್ಜೆ 6: ಮೊದಲ ರಿಸಲ್ಟ್ ಬಂದ ದಿನ ಫೋನ್ ಮಾಡಿ

ಈ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ ಫೇಲ್ ಅಂದರೆ ಓದು ಮುಗಿಯಿತು ಅಂತ ಅರ್ಥ. ಎಸ್ಸೆಸ್ಸೆಲ್ಸಿ ಫೇಲಾದವರು ಗಾರೆ ಕೆಲಸಕ್ಕೆ ಹೋದರು, ಹುಡುಗಿಯಾದರೆ ಮದುವೆಯಾಯಿತು. ಮನೆಯವರು ನೋಡಿರುವುದು ಅಷ್ಟೇ. ಒಂದು ವಿಷಯದಲ್ಲಿ ಬ್ಯಾಕ್‌ಲಾಗ್ ಉಳಿದರೂ ನಿಯಮದೊಳಗೆ ಮುಂದಿನ ಸೆಮಿಸ್ಟರ್‌ಗೆ ಹೋಗಬಹುದು, ಆ ಒಂದು ವಿಷಯವನ್ನು ಆಮೇಲೆ ಬರೆಯಬಹುದು ಅಂತ ಅವರಿಗೆ ಯಾರು ಹೇಳಬೇಕು?

ಫೋನ್ ಮಾಡಿ ಮೊದಲು ಬ್ಯಾಕ್‌ಲಾಗ್ ಅಂದರೇನು ಅಂತ ಹೇಳಿ. ಪಿಯುಸಿಯಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ, ಇಲ್ಲೂ ಮುಂದಿನ ತಿಂಗಳೇ ಬರೆಯಬಹುದು ಅಂದುಕೊಂಡಿರುತ್ತಾರೆ. ಡಿಗ್ರಿಯಲ್ಲಿ ಆ ಸೆಮಿಸ್ಟರಿನ ಪರೀಕ್ಷೆ ಮತ್ತೆ ಬರುವವರೆಗೆ ಕಾಯಬೇಕಾಗಬಹುದು. ಆಮೇಲೆ ಉತ್ತರಪತ್ರಿಕೆಯ ನಕಲು ಪ್ರತಿ, ರೀವ್ಯಾಲ್ಯುಯೇಷನ್ ಎರಡನ್ನೂ ತಿಳಿಸಿ. ಎರಡಕ್ಕೂ ಶುಲ್ಕ ಇದೆ, ಕೊನೇ ದಿನಾಂಕ ಇದೆ. ನಾಲ್ಕು ದಿನ ಅತ್ತು ಐದನೇ ದಿನ ಕಾಲೇಜಿಗೆ ಬರುವಷ್ಟರಲ್ಲಿ ಆ ದಿನಾಂಕ ದಾಟಿರಬಹುದು.

ಪರೀಕ್ಷಾ ಶುಲ್ಕಕ್ಕೂ ದುಡ್ಡಿಲ್ಲದೆ ಹಿಂದೆ ಸರಿಯುವವರು ಇರುತ್ತಾರೆ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಇದಕ್ಕಂತಲೇ ಒಂದು ಚಿಕ್ಕ ನಿಧಿ ಇಟ್ಟಿದ್ದಾರೆ. ಮೂರು ಜನ ನೋಡಿಕೊಳ್ಳುತ್ತಾರೆ, ಪುಸ್ತಕದಲ್ಲಿ ಲೆಕ್ಕ ಇದೆ. ಯಾರಿಗೆ ಕೊಟ್ಟೆವು ಅಂತ ಹೊರಗೆ ಹೇಳುವುದಿಲ್ಲ. ವೇದಿಕೆ ಮೇಲೆ ಚೆಕ್ ಕೊಟ್ಟು ಫೋಟೋ ತೆಗೆಸುವ ಪದ್ಧತಿ ನನಗೆ ಸ್ವಲ್ಪವೂ ಇಷ್ಟವಿಲ್ಲ. ಆ ಮಗು ಮಾರನೇ ದಿನ ಅದೇ ಕ್ಲಾಸಿನಲ್ಲಿ ಕೂರಬೇಕು.

ಹೆಜ್ಜೆ 7: ಮನೆಯವರನ್ನು ಒಳಗೆ ಕರೆಯಿರಿ

ಗೇಟಿನ ಹತ್ತಿರ ನಿಂತ ಅಪ್ಪನ ಬಗ್ಗೆ ಹೇಳಿದೆನಲ್ಲ. ಒಂದು ದಿನ ಅಂಥ ಒಬ್ಬರನ್ನು ನಾನೇ ಹೋಗಿ ಕರೆದೆ. ಸ್ಟಾಫ್ ರೂಮಿನ ಹೊಸಿಲ ಹೊರಗೆ ಚಪ್ಪಲಿ ಬಿಟ್ಟರು. ಹೆಗಲ ಮೇಲಿನ ಟವಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕುರ್ಚಿ ಕೊಟ್ಟರೂ ಅಂಚಿನಲ್ಲಿ ಕೂತರು. "ನಮಗೇನೂ ತಿಳಿಯಲ್ಲ ತಾಯಿ, ನೀವೇ ನೋಡ್ಕಳಿ" ಅಂದರು. ನಾನು ಚಪ್ಪಲಿ ಹಾಕಿಕೊಂಡೇ ಬನ್ನಿ ಅಂದೆ. ಮಗಳು ದಿನಾ ಕೂರುವ ಕ್ಲಾಸ್ ರೂಮ್ ತೋರಿಸಿದೆ. ಲೈಬ್ರರಿ ತೋರಿಸಿದೆ. ಅವರು ಒಂದು ಪುಸ್ತಕದ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು.

ಮನೆಯವರಿಗೆ ಆಸೆ ಇಲ್ಲ ಅಂತಲ್ಲ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲ, ಅಷ್ಟೇ. ಸಂಜೆ ನಾಲ್ಕು ಗಂಟೆವರೆಗೆ ಕಾಲೇಜಿನಲ್ಲಿ ಏನು ಕೆಲಸ ಅಂತ ಅನುಮಾನ ಬರುತ್ತದೆ. ಲೈಬ್ರರಿಯಲ್ಲಿ ಕೂರುವುದೂ ಓದೇ ಅಂತ ಅವರಿಗೆ ತಿಳಿಯಬೇಕು. ವರ್ಷಕ್ಕೆ ಎರಡು ಸಲವಾದರೂ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ. ದೂರು ಹೇಳಲು ಮಾತ್ರ ಫೋನ್ ಮಾಡಬೇಡಿ. "ನಿಮ್ಮ ಹುಡುಗ ಇವತ್ತು ಚೆನ್ನಾಗಿ ಉತ್ತರ ಹೇಳಿದ" ಅಂತ ಹೇಳಲೂ ಮಾಡಿ. ಪರೀಕ್ಷೆ ಯಾವ ತಿಂಗಳು ಅಂತ ಮೊದಲೇ ತಿಳಿಸಿ. ಕೊಯ್ಲು, ಜಾತ್ರೆ, ನೆಂಟರ ಮದುವೆ ಅಂತ ಮಕ್ಕಳನ್ನು ಉಳಿಸಿಕೊಳ್ಳುವ ಮನೆಗಳು ಕೂಡ ದಿನಾಂಕ ಮೊದಲೇ ಗೊತ್ತಿದ್ದರೆ ಹೊಂದಿಸಿಕೊಳ್ಳುತ್ತವೆ. ಹಿಂದಿನ ದಿನ ಹೇಳಿದರೆ ಅವರಾದರೂ ಏನು ಮಾಡಿಯಾರು?

ಹುಡುಗಿಯರ ಮದುವೆ ಮಾತು ಎರಡನೇ ವರ್ಷದಲ್ಲಿ ಶುರುವಾಗುತ್ತದೆ. ಇಲ್ಲಿ ಭಾಷಣ ಕೆಲಸ ಮಾಡುವುದಿಲ್ಲ. ಅಮ್ಮಂದಿರ ಹತ್ತಿರ ಕೂತು, ಇನ್ನು ಎಷ್ಟು ತಿಂಗಳು ಉಳಿದಿದೆ, ಡಿಗ್ರಿ ಮುಗಿದರೆ ಯಾವ ಪರೀಕ್ಷೆ ಬರೆಯಬಹುದು, ಅದೇ ಊರಿನ ಯಾರ ಮಗಳು ಈಗ ಯಾವ ಕೆಲಸದಲ್ಲಿದ್ದಾಳೆ ಅಂತ ಲೆಕ್ಕ ಹೇಳಿ. "ಬೇಡ" ಅನ್ನುವುದಕ್ಕಿಂತ "ಇನ್ನು ಹದಿನಾಲ್ಕು ತಿಂಗಳು ತಡೀರಿ" ಅನ್ನುವುದು ಮನೆಯವರ ಕಿವಿಗೆ ಬೀಳುತ್ತದೆ. ಎಲ್ಲಾ ಸಲ ಗೆಲ್ಲುವುದಿಲ್ಲ. ಸೋತ ಹೆಸರುಗಳು ನನಗೆ ಇವತ್ತಿಗೂ ನೆನಪಿವೆ.

ಮನಸ್ಸಿನ ಭಾರದ ಬಗ್ಗೆಯೂ ಒಂದು ಮಾತು. ಅಪ್ಪ ಬಿಸಿಲಲ್ಲಿ ದುಡಿಯುವಾಗ ನಾನು ಇಲ್ಲಿ ಫ್ಯಾನ್ ಕೆಳಗೆ ಕೂತಿದ್ದೇನೆ ಅನ್ನುವ ಸಂಕಟ ಈ ಮಕ್ಕಳಿಗೆ ಇರುತ್ತದೆ. ಊರಿನಲ್ಲಿ ಹಳೆಯ ಗೆಳೆಯರ ಜೊತೆ ಸೇರುವುದಿಲ್ಲ, ಕಾಲೇಜಿನಲ್ಲಿ ಹೊಸಬರ ಜೊತೆ ಬೆರೆಯುವುದಿಲ್ಲ. ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಮಾತು ಬಿಟ್ಟರೆ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರ‍್ಯಾಗಿಂಗ್ ಆಗುತ್ತಿದ್ದರೆ ಯುಜಿಸಿಯ ನಂಬರ್ 1800-180-5522. ಎರಡನ್ನೂ ಹಾಸ್ಟೆಲ್ ಬಾಗಿಲ ಹಿಂದೆ ಅಂಟಿಸಿ.

ಹೆಜ್ಜೆ 8: ಡಿಗ್ರಿ ಆದಮೇಲೆ ಏನು ಅಂತ ಮೂರನೇ ವರ್ಷಕ್ಕೆ ಮೊದಲೇ ಹೇಳಿ

ಮನೆಯಲ್ಲಿ ನೌಕರಿಯಲ್ಲಿರುವವರನ್ನು ನೋಡದ ಮಕ್ಕಳಿಗೆ ಗೊತ್ತಿರುವ ಕೆಲಸಗಳು ನಾಲ್ಕೇ: ಮೇಷ್ಟ್ರು, ಪೊಲೀಸ್, ನರ್ಸ್, ಡ್ರೈವರ್. ಅದೇ ಕಾಲೇಜಿನಲ್ಲಿ ಓದಿ ಈಗ ಬ್ಯಾಂಕಿನಲ್ಲೋ ಗ್ರಾಮ ಆಡಳಿತ ಅಧಿಕಾರಿಯಾಗಿಯೋ ಇರುವವರನ್ನು ಕರೆಸಿ, ಚಾ ಕುಡಿಯುತ್ತಾ ಮಾತಾಡಲು ಬಿಡಿ. ಎಷ್ಟು ಸಲ ಪರೀಕ್ಷೆ ಬರೆದೆ, ಎಷ್ಟು ಸಲ ಆಗಲಿಲ್ಲ ಅಂತ ಅವರೇ ಹೇಳಲಿ. ಎಂ.ಬಿ.ಎ., ಎಂ.ಸಿ.ಎ. ಸೇರಲು ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು ಅಂತ ಐದನೇ ಸೆಮಿಸ್ಟರಿನಲ್ಲೇ ತಿಳಿಸಿ. ಡಿಗ್ರಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಬರುತ್ತದೆ, ಹೆಚ್ಚೆಂದರೆ ಎರಡು ವರ್ಷ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಬಸ್, ಅರ್ಜಿ ಶುಲ್ಕಕ್ಕೆ ಅದು ಆಗುತ್ತದೆ. ಅದಕ್ಕೂ ಅರ್ಜಿ ಹಾಕಬೇಕು.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಕೊನೇ ಸೆಮಿಸ್ಟರಿನ ಅಂಕಪಟ್ಟಿ ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಪದವಿ ಪ್ರಮಾಣಪತ್ರ ಬೇರೆ. ಅದಕ್ಕೆ ಘಟಿಕೋತ್ಸವದ ಸಮಯದಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಎಷ್ಟೋ ವರ್ಷ ಆದಮೇಲೆ ಯಾವುದೋ ಕೆಲಸದ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಓಡಿಬರುವವರಿದ್ದಾರೆ. ಟಿ.ಸಿ. ಕೊಡುವ ದಿನವೇ ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.

ಆ ಪ್ರಮಾಣಪತ್ರ ಮನೆಗೆ ಬಂದ ದಿನ ಅಮ್ಮಂದಿರು ಅದನ್ನು ಮೊದಲು ಲ್ಯಾಮಿನೇಷನ್ ಮಾಡಿಸುತ್ತಾರೆ. ನೀರು ಬೀಳಬಾರದು, ಇಲಿ ಕಡಿಯಬಾರದು ಅಂತ. ಪ್ರೀತಿಯಿಂದಲೇ ಮಾಡಿಸುತ್ತಾರೆ. ಆದರೆ ಮೂಲ ಪ್ರತಿಯ ಮೇಲೆ ಸೀಲು, ದೃಢೀಕರಣ ಬೇಕಾದಾಗ ಲ್ಯಾಮಿನೇಷನ್ ಆಗಿದ್ದರೆ ತೊಂದರೆ ಆಗುತ್ತದೆ. ಹಾಗಾಗಿ ಅಮ್ಮನಿಗೆ ಮೊದಲೇ ಫೋನ್ ಮಾಡಿ ಹೇಳಿ. ಪಾರದರ್ಶಕ ಹಾಳೆಗಳಿರುವ ಒಂದು ಗಟ್ಟಿ ಫೈಲ್ ಕೊಡಿಸಿ. ಮೊದಲ ಹಾಳೆಯಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಆಮೇಲೆ ಆರು ಸೆಮಿಸ್ಟರ್, ಕೊನೆಗೆ ಪದವಿ. ಗೋಡೆಗೆ ಹಾಕಲು ಬೇಕೆಂದರೆ ಬಣ್ಣದ ಜೆರಾಕ್ಸ್ ತೆಗೆಸಿ, ಅದನ್ನು ಲ್ಯಾಮಿನೇಷನ್ ಮಾಡಿಸಿಕೊಡಿ.